ಕಾಫಿ ಕೊಯ್ಲಿಗೆ ಹೋಗುವವರ ಸ್ತನ ತಪಾಸಣೆ: ನನ್ನ ಅನುಭವ

ನಾನು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. 30 ದಾಟಿದ ಹೆಂಗಸರಿಗೆ ಬಿಪಿ, ಶುಗರ್ ಜೊತೆ ಸ್ತನ ಕ್ಯಾನ್ಸರ್ ತಪಾಸಣೆಯೂ ನಮ್ಮದೇ ಕೆಲಸ. ಊರಿನವರು ಹೇಗೋ ಸಿಗುತ್ತಾರೆ. ಲಂಬಾಣಿ ತಾಂಡಾದವರು ಸಿಗುವುದಿಲ್ಲ. ದೀಪಾವಳಿ ಮುಗಿದರೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಹೊರಟುಬಿಡುತ್ತಾರೆ. ಅರ್ಧ ಮನೆಗಳಿಗೆ ಬೀಗ.

ಹಾಗಾಗಿ ಕ್ಯಾಂಪನ್ನು ಅವರ ಹಬ್ಬಕ್ಕೆ ಹೊಂದಿಸಿದೆ. ಹಬ್ಬದ ದಿನವೇ ಹೋದರೆ ಪ್ರಯೋಜನವಿಲ್ಲ, ದೀಪಾವಳಿಗೆ ಹುಡುಗಿಯರು ಹಾಡುವ ಮೇರಾ ಹಾಡಿನ ಸಡಗರದಲ್ಲಿ ನಮ್ಮನ್ನು ಯಾರು ಕೇಳುತ್ತಾರೆ? ಹಿಂದಿನ ವಾರ ಸರಿ. ತಾಂಡಾದ ಮುಖ್ಯಸ್ಥರಾದ ನಾಯಕರಿಗೆ ಮೊದಲು ತಿಳಿಸಿದೆ. ಆದರೆ ಹೆಂಗಸರನ್ನು ಕರೆತಂದವಳು ಲಂಬಾಣಿ ಮಾತಾಡುವ ನಮ್ಮ ಆಶಾ ಕಾರ್ಯಕರ್ತೆ.

ಅಂಗನವಾಡಿ ಕೋಣೆಯಲ್ಲಿ ಸೀರೆ ಕಟ್ಟಿ ಮರೆ ಮಾಡಿದೆವು. ವಯಸ್ಸಾದವರದು ಕನ್ನಡಿ ಹೊಲಿದ ಕಾಂಚಳಿ (ಲಂಬಾಣಿ ರವಿಕೆ), ಬೆನ್ನಿನ ದಾರ ಬಿಚ್ಚಲು ಸೊಸೆ ಬರಬೇಕು. ತೋಳಿನ ಬಳೆ ತೆಗೆಯಲ್ಲ ಅಂತಾರೆ. ತೆಗೆಯೋದೂ ಬೇಕಿಲ್ಲ, ಕೈ ತಲೆಯ ಮೇಲಿಟ್ಟರೆ ಸಾಕು. ನಡುವಿನ ಮೂರು ಬೆರಳಿನಿಂದ ಸಣ್ಣ ಸುತ್ತು ಹಾಕುತ್ತಾ ಹೋಗಬೇಕು. ಮೊದಲು ಹಗುರ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ತಾಗುವಷ್ಟು. ಆತುರದಲ್ಲಿ ಎಲ್ಲರೂ ಬಿಡುವುದು ಕಂಕುಳನ್ನು.

ಒಬ್ಬ ಯಾಡಿಗೆ (ಲಂಬಾಣಿಯಲ್ಲಿ ಯಾಡಿ ಅಂದರೆ ತಾಯಿ) ಗಂಟು ಸಿಕ್ಕಿತು. "ನೋವೇ ಇಲ್ಲ ಬಿಡವ್ವ" ಎಂದರು. ನೋವಿಲ್ಲ ಅಂತಲೇ ಜನ ತಡ ಮಾಡೋದು ಅಲ್ವಾ? ಆದರೆ ಅವರ ಚಿಂತೆ ಬೇರೆ. ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಹತ್ತಿರ ಅಡ್ವಾನ್ಸ್ ತೆಗೆದುಕೊಂಡಾಗಿತ್ತು. ಯಾಡಿಯನ್ನು ಕೇಳಿಯೇ ಮೇಸ್ತ್ರಿಗೆ ಫೋನ್ ಮಾಡಿದೆ, ಕಾಯಿಲೆ ಏನೆಂದು ಹೇಳಲಿಲ್ಲ. ಎರಡನೇ ಗಾಡಿಗೆ ಬರಲಿ ಅಂದ. ಆಶಾ ಜೊತೆಗೇ ಹೋಗಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಸೂಜಿ ಪರೀಕ್ಷೆ ಮಾಡಿಸಿದಳು.

ರಿಪೋರ್ಟ್ ಬರುವಷ್ಟರಲ್ಲಿ ಯಾಡಿ ಮೂಡಿಗೆರೆ ಕಡೆ ತೋಟದಲ್ಲಿ. ಫೋನ್ ನಾಟ್ ರೀಚಬಲ್. ತೋಟದ ಲೆಕ್ಕ ಬರೆಯುವ ರೈಟರ್ ನಂಬರ್ ಹುಡುಕಿ ಸೊಸೆಯನ್ನು ಲೈನಿಗೆ ಕರೆಸಿದೆವು. ಕ್ಯಾನ್ಸರ್ ಇತ್ತು, ಗಂಟು ಇನ್ನೂ ಚಿಕ್ಕದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಬೇರೆ ಜಿಲ್ಲೆಯಲ್ಲೂ ನಡೆಯುತ್ತದೆ. ಕಾರ್ಡು ಎಲ್ಲಿಗೆ ಬೇಕಾದರೂ ಹೋಗುತ್ತದೆ, ರಿಪೋರ್ಟ್ ಮಾತ್ರ ನಮ್ಮ ಟೇಬಲ್ ಮೇಲೇ ಉಳಿಯುತ್ತದೆ.

ಈಗ ರೆಫರಲ್ ಚೀಟಿಯ ಹಿಂದೆ ಮೂರು ನಂಬರ್ ಬರೆಸುತ್ತೇನೆ: ಅವರದು, ತಾಂಡಾದಲ್ಲೇ ಉಳಿಯುವ ಒಬ್ಬರದು, ತೋಟದ ರೈಟರ್‌ದು. ತಪ್ಪಿಹೋದವರನ್ನು ಫೆಬ್ರವರಿ 15ರ ಸೇವಾಲಾಲ್ ಜಯಂತಿಗೆ ಅವರು ಹುಟ್ಟಿದ ನಮ್ಮ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಬಂದಾಗ ಹಿಡಿಯುತ್ತೇವೆ. ತಡವಾಗಿ ಹಣ್ಣಾಗುವ ರೊಬಸ್ಟಾ ಕಾಫಿಯ ಕೊಯ್ಲಿಗೆ ಉಳಿದವರು ಸಿಗುವುದು ಯುಗಾದಿಗೇ.