ಲಾಗಿನ್ ಆಯ್ತು, ಡೆಸ್ಕ್‌ಟಾಪ್ ಎಲ್ಲಿ ಹೋಯ್ತು?

ಕಾಲೇಜು ಲ್ಯಾಬ್‌ನಲ್ಲಿ ಯಾವ ಕಂಪ್ಯೂಟರ್ ಮುಂದೆ ಕೂತರೂ ನಮ್ಮದೇ ಡೆಸ್ಕ್‌ಟಾಪ್, ನಮ್ಮದೇ ಫೈಲು ಬರುತ್ತೆ ಅಂದರೆ ಅಲ್ಲಿ ರೋಮಿಂಗ್ ಪ್ರೊಫೈಲ್ ಇದೆ ಅಂತ ಅರ್ಥ. ಲಾಗಿನ್ ಆದಾಗ ಸರ್ವರ್‌ನಲ್ಲಿರುವ ನಿಮ್ಮ ಫೋಲ್ಡರ್ ಆ ಮೆಷಿನ್‌ಗೆ ಕಾಪಿ ಆಗುತ್ತದೆ. ಲಾಗ್ ಆಫ್ ಆದಾಗ ಬದಲಾದದ್ದು ವಾಪಸ್ ಸರ್ವರ್‌ಗೆ ಹೋಗುತ್ತದೆ. ಈ ಓಡಾಟದಲ್ಲಿ ಎಲ್ಲಿ ಎಡವಟ್ಟಾದರೂ ಲ್ಯಾಬ್ ಅಟೆಂಡರ್ ಕಿವಿಗೆ ಬೀಳುವುದು ಒಂದೇ ದೂರು: ‘ಸಾರ್, ನನ್ನ ಲಾಗಿನ್ ಹೋಗಿದೆ.’ ತಕ್ಷಣ ಪಾಸ್‌ವರ್ಡ್ ರೀಸೆಟ್ ಮಾಡುವವರೇ ಜಾಸ್ತಿ. ಪಾಸ್‌ವರ್ಡ್ ತಪ್ಪಾಗಿದ್ದರೆ ವಿಂಡೋಸ್ ಒಳಗೇ ಬಿಡುತ್ತಿರಲಿಲ್ಲ, ಅಲ್ವಾ? ಒಳಗೆ ಬಿಟ್ಟು ಖಾಲಿ ಡೆಸ್ಕ್‌ಟಾಪ್ ತೋರಿಸಿದೆ ಎಂದರೆ ನೋಡಬೇಕಾದದ್ದು ಪ್ರೊಫೈಲನ್ನು.

ಮೊದಲು ಫೈಲ್ ಉಳಿಸಿ

ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆಯಿರಿ. ಅಲ್ಲಿ ‘ಟೆಂಪ್’ ಹೆಸರಿನ ಫೋಲ್ಡರ್ ಇದ್ದು, ಬಳಕೆದಾರರು ಅದರೊಳಗೇ ಕೆಲಸ ಮಾಡುತ್ತಿದ್ದರೆ ಅದು ತಾತ್ಕಾಲಿಕ ಪ್ರೊಫೈಲ್. ಲಾಗ್ ಆಫ್ ಒತ್ತಿದ ಕೂಡಲೇ ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ. ಹಾಗಾಗಿ ಬೇರೇನು ಮಾಡುವ ಮುಂಚೆಯೂ, ಆಗ ತಾನೇ ಮಾಡಿದ ಕೆಲಸವನ್ನು ಪೆನ್‌ಡ್ರೈವ್‌ಗೆ ಹಾಕಿಸಿ. ‘ಒಂದು ಸಲ ಲಾಗ್ ಆಫ್ ಮಾಡಿ ನೋಡಿ’ ಅಂತ ಸುಮ್ನೆ ಹೇಳಿಬಿಡಬೇಡಿ.

ಎರಡು ಪರೀಕ್ಷೆ

ಅದೇ ವಿದ್ಯಾರ್ಥಿಯನ್ನು ಪಕ್ಕದ ಮೆಷಿನ್‌ನಲ್ಲಿ ಲಾಗಿನ್ ಮಾಡಿಸಿ. ಈ ಮೆಷಿನ್‌ನಲ್ಲಿ ಬೇರೊಬ್ಬರನ್ನು ಲಾಗಿನ್ ಮಾಡಿಸಿ. ವಿದ್ಯಾರ್ಥಿಗೆ ಅಲ್ಲಿ ಎಲ್ಲ ಸರಿ ಬಂದು, ಇಲ್ಲಿ ಬೇರೆಯವರಿಗೂ ಸರಿ ಬಂದರೆ ಕೆಟ್ಟಿರುವುದು ಈ ಮೆಷಿನ್‌ನಲ್ಲಿರುವ ಅವರ ಕಾಪಿ. ಅವರಿಗೆ ಎಲ್ಲಿ ಹೋದರೂ ತೊಂದರೆ ಎಂದರೆ ಸರ್ವರ್‌ನ ಫೋಲ್ಡರ್ ನೋಡಿ. ಈ ಮೆಷಿನ್ ಯಾರಿಗೂ ಆಗಿಬರುತ್ತಿಲ್ಲ ಎಂದರೆ ನೆಟ್‌ವರ್ಕ್ ಕಡೆ ಹೋಗಿ.

ಆಮೇಲೆ ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಅಪ್ಲಿಕೇಶನ್ ಲಾಗ್ ತೆರೆದು, ಯೂಸರ್ ಪ್ರೊಫೈಲ್ಸ್ ಸರ್ವೀಸ್‌ನ ಸಾಲುಗಳನ್ನು ಓದಿ. ಈವೆಂಟ್ ಐಡಿ 1521 ಎಂದರೆ ಸರ್ವರ್‌ನಲ್ಲಿರುವ ಪ್ರೊಫೈಲ್ ಸಿಗಲಿಲ್ಲ. 1511 ಎಂದರೆ ಮೆಷಿನ್‌ನಲ್ಲಿರುವ ಕಾಪಿ ಸಿಗದೆ ತಾತ್ಕಾಲಿಕ ಪ್ರೊಫೈಲ್ ಕೊಟ್ಟಿದೆ. 1504 ಬಂದಿದ್ದರೆ ಲಾಗ್ ಆಫ್ ಹೊತ್ತಿಗೆ ಸರ್ವರ್‌ಗೆ ಎಲ್ಲವೂ ವಾಪಸ್ ಹೋಗಿಲ್ಲ.

ನೆಟ್‌ವರ್ಕ್‌ನಲ್ಲಿ ನೋಡಬೇಕಾದ್ದು

ಲಾಗಿನ್ ಆಯಿತು, ಹಾಗಾಗಿ ನೆಟ್‌ವರ್ಕ್ ಸರಿಯಿದೆ ಎಂದು ನಂಬಬೇಡಿ. ಹಿಂದೆ ಲಾಗಿನ್ ಆದವರ ಗುರುತನ್ನು ವಿಂಡೋಸ್ ನೆನಪಿಟ್ಟುಕೊಂಡಿರುತ್ತದೆ. ಕೇಬಲ್ ಕಿತ್ತಿದ್ದರೂ ಅವರನ್ನು ಒಳಗೆ ಬಿಡುತ್ತದೆ.

ಗಡಿಯಾರ ನೋಡಿ. ಹಳೇ ಮೆಷಿನ್‌ಗಳಲ್ಲಿ ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತು ಸಮಯ ಹಿಂದಕ್ಕೆ ಹೋಗಿರುತ್ತದೆ. ಡೊಮೈನ್ ಕಂಟ್ರೋಲರ್‌ಗೂ (ಲಾಗಿನ್ ಪರಿಶೀಲಿಸುವ ಸರ್ವರ್) ಇದಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗುರುತು ಪರಿಶೀಲಿಸುವ ಕೆರ್ಬೆರೋಸ್ ವ್ಯವಸ್ಥೆ ಒಪ್ಪುವುದಿಲ್ಲ. ಇನ್ನೊಂದು, ಹೆಸರು ಕೊಟ್ಟರೆ ಸರ್ವರ್‌ನ ವಿಳಾಸ ಹುಡುಕಿಕೊಡುವ ಡಿಎನ್‌ಎಸ್. ಇಂಟರ್‌ನೆಟ್ ಬರಲಿ ಅಂತ ಯಾರೋ ಗೂಗಲ್‌ನ 8.8.8.8 ಹಾಕಿ ಹೋಗಿರುತ್ತಾರೆ. ಗೂಗಲ್‌ಗೆ ನಿಮ್ಮ ಕಾಲೇಜಿನ ಒಳಗಿನ ಸರ್ವರ್ ಹೆಸರು ಹೇಗೆ ಗೊತ್ತಾಗಬೇಕು? ಅಲ್ಲಿ ನಿಮ್ಮದೇ ಡಿಎನ್‌ಎಸ್ ಸರ್ವರ್‌ನ ವಿಳಾಸ ಇರಬೇಕು. ನೆಟ್‌ವರ್ಕ್ ಸಿದ್ಧವಾಗುವ ಮುಂಚೆಯೇ ಲಾಗಿನ್ ಆಗಿಬಿಡುವ ತೊಂದರೆ ಇದ್ದರೆ, ಸ್ಟಾರ್ಟ್‌ಅಪ್‌ನಲ್ಲಿ ನೆಟ್‌ವರ್ಕ್‌ಗೆ ಕಾಯುವ ಗ್ರೂಪ್ ಪಾಲಿಸಿಯನ್ನು (ಎಲ್ಲ ಮೆಷಿನ್‌ಗಳಿಗೂ ಒಟ್ಟಿಗೆ ಹಾಕುವ ಸೆಟ್ಟಿಂಗ್) ಆನ್ ಮಾಡಿ.

ಮೆಷಿನ್‌ನ ಕಾಪಿ ಕೆಟ್ಟಿದ್ದರೆ

ಸರ್ವರ್‌ನ ಫೋಲ್ಡರ್‌ನಲ್ಲಿ ಹೊಸ ಫೈಲ್‌ಗಳೆಲ್ಲ ಇವೆಯೇ ಎಂದು ಖಚಿತ ಮಾಡಿಕೊಳ್ಳಿ. ಮೆಷಿನ್‌ನ ಫೋಲ್ಡರನ್ನೂ ಬೇರೆ ಕಡೆ ಕಾಪಿ ಮಾಡಿಡಿ. ಬಳಕೆದಾರರನ್ನು ಲಾಗ್ ಆಫ್ ಮಾಡಿಸಿ, ರೀಸ್ಟಾರ್ಟ್ ಮಾಡಿ, ಅಡ್ಮಿನ್ ಆಗಿ ಒಳಗೆ ಬನ್ನಿ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಯೂಸರ್ ಪ್ರೊಫೈಲ್ಸ್‌ಗೆ ಹೋಗಿ ಅಲ್ಲಿಂದ ಡಿಲೀಟ್ ಮಾಡಿ. ಮುಂದಿನ ಲಾಗಿನ್‌ಗೆ ಸರ್ವರ್‌ನಿಂದ ಹೊಸ ಕಾಪಿ ಬರುತ್ತದೆ.

ಫೋಲ್ಡರನ್ನು ಮಾತ್ರ ಅಳಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಆಗ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ‘ಪ್ರೊಫೈಲ್‌ಲಿಸ್ಟ್’ನಲ್ಲಿ ಹಳೇ ದಾಖಲೆ ಉಳಿದುಬಿಡುತ್ತದೆ. ವಿಂಡೋಸ್ ಇಲ್ಲದ ಫೋಲ್ಡರನ್ನು ಹುಡುಕಿ, ಸಿಗದೆ, ಮತ್ತೆ ಟೆಂಪ್ ಕೊಡುತ್ತದೆ. ಅಲ್ಲಿ ಅದೇ ಉದ್ದನೆಯ ನಂಬರು ಹೊತ್ತ ಎರಡು ಕೀ (ದಾಖಲೆ) ಇದ್ದು, ಒಂದರ ಬಾಲಕ್ಕೆ ‘ಡಾಟ್ ಬ್ಯಾಕ್’ ಅಂಟಿಕೊಂಡಿದ್ದರೆ ಆಗಿರುವುದು ಇದೇ ಬಗೆಯ ಗೊಂದಲ. ರಿಜಿಸ್ಟ್ರಿ ಬ್ಯಾಕಪ್ ಇಲ್ಲದೆ ಅಲ್ಲಿ ಕೈ ಹಾಕಬೇಡಿ.

ಸರ್ವರ್ ಕಡೆ

ಅನುಮತಿಗಳನ್ನು ನೋಡಿ: ಆ ಫೋಲ್ಡರ್ ಯಾರದೋ ಅವರೇ, ಇಲ್ಲವೇ ಅಡ್ಮಿನಿಸ್ಟ್ರೇಟರ್ಸ್ ಗ್ರೂಪ್, ಓನರ್ ಆಗಿರಬೇಕು. ಬ್ಯಾಕಪ್‌ನಿಂದ ವಾಪಸ್ ತಂದಾಗ ಅದು ಬೇರೊಬ್ಬರ ಹೆಸರಿಗೆ ಬದಲಾಗಿರಬಹುದು. ಅಂಥ ಪ್ರೊಫೈಲನ್ನು ವಿಂಡೋಸ್ ಮುಟ್ಟುವುದಿಲ್ಲ.

ಒಂದು ಲ್ಯಾಬ್‌ನಲ್ಲಿ ವಿಂಡೋಸ್ 7, ಇನ್ನೊಂದರಲ್ಲಿ ವಿಂಡೋಸ್ 11 ಇದ್ದರೆ ಒಬ್ಬರಿಗೇ ಎರಡು ಫೋಲ್ಡರ್ ಇರುತ್ತವೆ. 7ರದ್ದು ‘ವಿ2’ ಎಂದು ಕೊನೆಯಾಗುತ್ತದೆ, ವಿಂಡೋಸ್ 10ರ ಈಚಿನ ಆವೃತ್ತಿ ಮತ್ತು 11ರದ್ದು ‘ವಿ6’ ಎಂದು. ಒಂದರ ಡೆಸ್ಕ್‌ಟಾಪ್ ಇನ್ನೊಂದಕ್ಕೆ ಬರುವುದಿಲ್ಲ. ಕಳೆದುಹೋಯಿತು ಎಂದು ಅತ್ತ ಫೈಲು ಪಕ್ಕದ ಫೋಲ್ಡರ್‌ನಲ್ಲೇ ಕೂತಿರುತ್ತದೆ. ಈ ಬಾಲವನ್ನು ವಿಂಡೋಸ್ ತಾನೇ ಸೇರಿಸುತ್ತದೆ, ಪ್ರೊಫೈಲ್ ಪಾತ್‌ನಲ್ಲಿ (ಸರ್ವರ್‌ನ ಫೋಲ್ಡರ್‌ನ ವಿಳಾಸ) ನೀವು ಬರೆಯಬೇಡಿ.

ನಿಧಾನದ ರೋಗ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾಟ ಊದಿಕೊಂಡ ಪ್ರೊಫೈಲ್. ಡೆಸ್ಕ್‌ಟಾಪ್ ಮೇಲೆ 4 ಜಿಬಿ ಸಿನಿಮಾ ಇಟ್ಟವರ ಲೆಕ್ಕ ಹಾಕಿ: 100 ಎಂಬಿಪಿಎಸ್ ಲೈನು ಪೂರ್ತಿ ಅವರಿಗೇ ಸಿಕ್ಕರೂ ಹೊಸ ಮೆಷಿನ್‌ಗೆ ಅದು ಇಳಿಯಲು 5 ನಿಮಿಷ ದಾಟುತ್ತದೆ. ಪೀರಿಯಡ್ ಶುರುವಾದಾಗ ಇಡೀ ಕ್ಲಾಸು ಒಟ್ಟಿಗೆ ಲಾಗಿನ್ ಆದರೆ ಕೇಳುವುದೇ ಬೇಡ.

ಸಿನಿಮಾ ಕಣ್ಣಿಗೆ ಬೀಳುತ್ತದೆ, ಬೀಳದವು ಬೇರೆ ಇವೆ. ವಿಎಸ್ ಕೋಡ್‌ನ ಎಕ್ಸ್‌ಟೆನ್ಶನ್‌ಗಳು, ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್‌ಗಳು ಕೂರುವುದು ಬಳಕೆದಾರರ ಫೋಲ್ಡರ್‌ನಲ್ಲೇ. ಅವೂ ಜೊತೆಗೆ ಓಡಾಡುತ್ತವೆ. ಡೆಸ್ಕ್‌ಟಾಪ್ ಮೇಲಿನ ಪ್ರಾಜೆಕ್ಟ್‌ನಲ್ಲಿ ‘ನೋಡ್ ಮಾಡ್ಯೂಲ್ಸ್’ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಫೋಲ್ಡರ್) ಇದ್ದರಂತೂ ಸಾವಿರಾರು ಸಣ್ಣ ಫೈಲು. ಫೋಲ್ಡರೊಳಗೆ ಫೋಲ್ಡರ್ ಸೇರಿ ವಿಳಾಸ 260 ಅಕ್ಷರ ಮೀರಿದರೆ ಕಾಪಿ ಅರ್ಧಕ್ಕೇ ಕೈಕೊಡಬಹುದು. ಇಂಥ ಫೋಲ್ಡರ್‌ಗಳನ್ನು ಗ್ರೂಪ್ ಪಾಲಿಸಿಯಲ್ಲಿ ರೋಮಿಂಗ್‌ನಿಂದ ಹೊರಗಿಡಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಎರಡನ್ನೂ ಫೋಲ್ಡರ್ ರೀಡೈರೆಕ್ಷನ್‌ಗೆ ಹಾಕಿದರೆ ಅವು ಸರ್ವರ್‌ನಲ್ಲೇ ಇದ್ದು, ಬೇಕಾದ ಫೈಲು ಮಾತ್ರ ಬರುತ್ತದೆ.

ರಿಪೇರಿ ಮುಗಿದ ಮೇಲೆ ಒಂದು ಮೆಷಿನ್‌ನಲ್ಲಿ ವಾಲ್‌ಪೇಪರ್ ಬದಲಿಸಿ, ಲಾಗ್ ಆಫ್ ಆಗಿ, ಇನ್ನೊಂದರಲ್ಲಿ ಬಂತೇ ನೋಡಿ. ಎರಡರಲ್ಲೂ ಒಟ್ಟಿಗೆ ಲಾಗಿನ್ ಆಗಿ ನೋಡಬೇಡಿ: ಸೆಟ್ಟಿಂಗ್‌ಗಳ ಮಟ್ಟಿಗೆ ಕೊನೆಗೆ ಲಾಗ್ ಆಫ್ ಆದದ್ದೇ ಗೆಲ್ಲುತ್ತದೆ. ‘ನುಡಿ’ ತಂತ್ರಾಂಶ ಬರಲಿಲ್ಲ ಎಂಬ ದೂರು ಬಂದರೆ ಪ್ರೊಫೈಲನ್ನು ಬೈಯಬೇಡಿ. ತಂತ್ರಾಂಶ ರೋಮಿಂಗ್‌ನಲ್ಲಿ ಬರುವುದಿಲ್ಲ, ಅದನ್ನು ಪ್ರತಿ ಮೆಷಿನ್‌ಗೂ ಬೇರೆಯಾಗಿಯೇ ಹಾಕಬೇಕು.