ಮೊಣಕಾಲಿನ ಗಾದಿ ಕಿತ್ತೈತಂತ, ಮುಂದೇನು ಮಾಡ್ಬೇಕ್ರಿ?

ನಮ್ಮಕ್ಕನ ಮಗ ಜಮಖಂಡಿ ಕಡೆ ಕಬಡ್ಡಿ ಆಡ್ತಾನ, ವಯಸ್ಸು ಹದಿನೇಳು. ಹೋದ ವರ್ಷ ರೇಡಿಗೆ ಹೋದಾಗ ಕಾಲು ನೆಲಕ್ಕ ಊರಿ ಮೈ ಅಷ್ಟೇ ತಿರುಗಿ ಬಿತ್ತು, ಊರಾಗ ಎಣ್ಣಿ ಹಚ್ಚಿ ತಿಕ್ಕಿದ್ರು, ನಾಕ್ ದಿನದಾಗ ಬಾವು ಇಳೀತು, ಮತ್ತ ಗ್ರೌಂಡಿಗೆ ಓಡಿದ. ಮೂರು ತಿಂಗಳಾದ ಮ್ಯಾಲೆ ಮೆಟ್ಲ ಇಳಿಯೋವಾಗ ಮೊಣಕಾಲು ಎಲ್ಲೋ ಸಿಕ್ಕೊಂಡಂಗ ಆಗಾಕ ಹತ್ತಿತು. ಒಬ್ಬ ಡಾಕ್ಟ್ರು ನಾಳೆನೇ ಆಪರೇಷನ್ ಅಂದ್ರು, ಇನ್ನೊಬ್ರು ಅವಸರ ಬ್ಯಾಡ ಅಂದ್ರು, ಮನ್ಯಾಗ ದಿನಾ ಪಂಚಾಯ್ತಿ. ಆವಾಗ ಕೇಳಿ ಓದಿ ತಿಳ್ಕೊಂಡದ್ದನ್ನ ಇಲ್ಲಿ ಬರೀತೀನಿ, ಗರಡಿ ಹುಡುಗರ ಅಪ್ಪ ಅವ್ವಂದ್ರಿಗೂ ಉಪಯೋಗ ಆಗ್ಬಹುದು.

ಮೊದಲು ಯಾವ ಗಾದಿ ಅಂತ ಕೇಳ್ರಿ

ನಾವು ಎಲ್ಲಾದಕ್ಕೂ ಗಾದಿ ಅಂತೀವಿ, ಆದ್ರ ಮೊಣಕಾಲಿನಾಗ ಎರಡು ಥರ ಐತಿ. ಅರ್ಧಚಂದ್ರದಂಗ ಇರೋವು ಎರಡು ಮೆನಿಸ್ಕಸ್. ಇನ್ನೊಂದು ಎಲುಬಿನ ತುದಿಗೆ ಬಿಳೇ ಪಾಲಿಶ್ ಬಳದಂಗ ಇರೋ ಕಾರ್ಟಿಲೇಜ್, ದಪ್ಪ ಅಂದ್ರ ಬರೀ 2ರಿಂದ 4 ಮಿಲಿಮೀಟರ್. ಇಲ್ಲಿ ಮಾತಾಡೋದು ಈ ಎರಡನೇದ್ರ ಬಗ್ಗೆ. ಇದಕ್ಕ ರಕ್ತನಾಳ ಇಲ್ಲ, ಅದಕ್ಕ ಚರ್ಮದಂಗ ತಾನೇ ಕೂಡ್ಕೊಳ್ಳಲ್ಲ. ನರಾನೂ ಇಲ್ಲ, ಅದಕ್ಕ ಶುರುವಿನಾಗ ನೋವು ಅಷ್ಟಾಗಿ ಗೊತ್ತಾಗಲ್ಲ, ಕೆಳಗಿನ ಎಲುಬಿಗೆ ಪೆಟ್ಟು ತಾಗಾಕ ಹತ್ತಿದಾಗ ಹುಡುಗ ಕುಂಟ್ತಾನ. ಕೀಲಿನ ನೀರೇ ಇದರ ಊಟ, ಕಾಲು ಆಡಿದ್ರನ ಆ ನೀರು ಒಳಗ ಇಳೀತೈತಿ, ಹಂಗಾಗಿ ತಿಂಗಳುಗಟ್ಟಲೆ ಹಾಸಿಗಿ ಹಿಡಿಸೋದೂ ತಪ್ಪು.

ಪೆಟ್ಟು ಬಿದ್ದ ದಿನ

ತಿಕ್ಕಬ್ಯಾಡ್ರಿ. ಬಟ್ಟಿಯೊಳಗ ಐಸ್ ಸುತ್ತಿ 15–20 ನಿಮಿಷ ಇಡ್ರಿ, ಕ್ರೇಪ್ ಬ್ಯಾಂಡೇಜ್ ಕಟ್ರಿ, ಕಾಲು ದಿಂಬಿನ ಮ್ಯಾಲೆ. ಎರಡ್ಮೂರು ತಾಸಿನಾಗ ಮೊಣಕಾಲು ಕುಂಬಳಕಾಯಿ ಆತು ಅಂದ್ರ ಒಳಗ ರಕ್ತ ಇಳಿದಿರಬಹುದು, ಲಿಗಮೆಂಟ್ (ಎಲುಬಿಗೆ ಎಲುಬು ಬಿಗಿದು ಹಿಡಿಯೋ ಪಟ್ಟಿ) ಹರಿದಿರಬಹುದು, ಎಲುಬಿನ ಚೂರು ಎದ್ದಿರಬಹುದು. ಕಾಲು ಲಾಕ್ ಆಗಿ ನೆಟ್ಟಗ ಆಗವಲ್ತು ಅಂದ್ರ ಸೀದಾ ಎಲುಬು ಡಾಕ್ಟ್ರ ಹತ್ರ ಹೋಗ್ರಿ.

ಸ್ಕ್ಯಾನ್ ಮಾಡ್ಸಿ ನಾಕು ಉತ್ತರ ಬರಸ್ಕೊಳ್ರಿ

ಎಕ್ಸ್‌ರೇದಾಗ ಕಾರ್ಟಿಲೇಜ್ ಕಾಣಲ್ಲ, ಆದ್ರ ಕಾಲು ಡೊಂಕ ಐತೋ ನೆಟ್ಟಗ ಐತೋ, ಬೆಳೆಯೋ ಹುಡುಗನ ಎಲುಬಿನ ಗ್ರೋತ್ ಪ್ಲೇಟ್ (ಎಲುಬು ಉದ್ದ ಬೆಳೆಯೋ ಜಾಗ) ಮುಚ್ಚೈತೋ ಇಲ್ಲೋ ಅದರಾಗ ಗೊತ್ತಾಗತೈತಿ. ಗಾಯ ಕಾಣಾಕ ಎಂಆರ್‌ಐ ಬೇಕು. ಆಮ್ಯಾಲೆ ಡಾಕ್ಟ್ರಿಗೆ ಕೇಳ್ರಿ: ಗಾಯ ಎಷ್ಟು ಚದರ ಸೆಂಟಿಮೀಟರ್, ಎಲ್ಲಿ ಐತಿ, ಗ್ರೇಡ್ ಎಷ್ಟು (4 ಅಂದ್ರ ಎಲುಬು ಬಯಲಾಗೈತಿ ಅಂತ ಅರ್ಥ), ಲಿಗಮೆಂಟ್ ಮೆನಿಸ್ಕಸ್ ಸರಿ ಅದಾವೋ ಇಲ್ಲೋ. ನಾವು ಸುಮ್ನ "ಯಾವ ಆಪರೇಷನ್ ಚಲೋ ರಿ" ಅಂತ ಕೇಳ್ಕೊಂತ ಅಡ್ಡಾಡಿದ್ವಿ, ಅದು ಅಳತಿ ಕೊಡದನ ಅಂಗಿ ಹೊಲಸಾಕ ಹೋದಂಗ.

ಇನ್ನೊಂದು ಮಾತು, ಸ್ಕ್ಯಾನಿನಾಗ ಗಾಯ ಕಂಡದ್ದಕ್ಕೆಲ್ಲಾ ಕತ್ತರಿ ಬೇಕಂತಿಲ್ಲ, ನೋವು ಅದರಿಂದನ ಬರಾಕತ್ತೈತೋ ಅಂತ ನೋಡ್ಬೇಕು.

ಹುಡುಗ ಇನ್ನೂ ಬೆಳೆಯಾಕತ್ತಾನಂದ್ರ

ಹನ್ನೆರಡು ಹದಿಮೂರರ ಮಕ್ಕಳಿಗೆ ಆಸ್ಟಿಯೋಕಾಂಡ್ರೈಟಿಸ್ ಡಿಸೆಕಾನ್ಸ್ ಅಂತ ಒಂದು ಬರತೈತಿ, ಹೆಸರು ದೊಡ್ಡದು, ಆಗೋದಿಷ್ಟೇ: ಕಾರ್ಟಿಲೇಜಿನ ಕೆಳಗಿನ ಎಲುಬು ಸೊರಗಿ, ಆ ತುಂಡು ಸಡಿಲಾಗಾಕ ಹತ್ತತೈತಿ. ಗ್ರೋತ್ ಪ್ಲೇಟ್ ತೆರೆದಿದ್ದು ತುಂಡು ಗಟ್ಟಿ ಕುಂತಿದ್ರ 3ರಿಂದ 6 ತಿಂಗಳು ಓಟ, ಜಿಗಿತ ಬಿಡಿಸಿದ್ರ ಬಾಳ ಸಲ ತಾನೇ ಮಾಯ್ತೈತಿ. ಬಿಡಿಸೋದೇ ಕಷ್ಟ, ಅಷ್ಟ್ರಾಗ ದಸರಾ ಕ್ರೀಡಾಕೂಟ ಬಂದಿರತೈತಿ. ತುಂಡು ಸಡಿಲಾಗಿದ್ರ ಸ್ಕ್ರೂ ಹಾಕಿ ಕೂಡಸ್ತಾರ.

ಫಿಸಿಯೋಥೆರಪಿ, ಮತ್ತ ಆ ಇಂಜೆಕ್ಷನ್

ಗಾಯ ಸಣ್ಣದಿದ್ದು ಕಾಲು ಲಾಕ್ ಆಗಂಗಿಲ್ಲ ಅಂದ್ರ ಮೊದಲು ಮೂರು ತಿಂಗಳು ತೊಡಿ, ಸೊಂಟದ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ. ಹಗುರ ಗೇರಿನಾಗ ಸೈಕಲ್ ತುಳಿಯೋದು ಚಲೋ, ವಿಜಯಪುರದಾಗ ಸೈಕಲ್ಲಿಗೇನು ಬರ ಇಲ್ಲ. ಗರಡಿಯ ಪೂರ್ತಿ ಬಸ್ಕಿ ಮಾತ್ರ ಸದ್ಯಕ್ಕ ಬ್ಯಾಡ, ಚಿಪ್ಪಿನ ಹಿಂದ ಒತ್ತಡ ಬಾಳ ಬೀಳತೈತಿ. ಟೂರ್ನಮೆಂಟ್ ಮುಂದ ಸ್ಟೆರಾಯ್ಡ್ ಚುಚ್ಚಿಸಿ ಆಡಸ್ತಾರಲ್ರಿ, ಅದನ್ನ ಕಂಡ್ರ ನಂಗ ಸಿಟ್ಟು ಬರತೈತಿ. ನೋವು ಮುಚ್ಚತೈತಿ ಅಷ್ಟ, ಪದೇ ಪದೇ ಹಾಕಿದ್ರ ಇದ್ದ ಕಾರ್ಟಿಲೇಜೂ ಹಾಳು. 2022ರ ಜನವರಿಯಿಂದ ಸ್ಪರ್ಧೆ ವೇಳೆ ಇಂತಾ ಇಂಜೆಕ್ಷನ್ ಡೋಪಿಂಗ್ ನಿಯಮದಾಗೂ ನಿಷೇಧ. ಪಿಆರ್‌ಪಿ ಅಂತ ನಿಮ್ಮ ರಕ್ತದಿಂದನ ಮಾಡೋ ಇಂಜೆಕ್ಷನ್ ಕೆಲವ್ರಿಗೆ ನೋವು ಇಳಸ್ತೈತಿ, ಗಾಯ ತುಂಬಸ್ತೈತಿ ಅನ್ನಾಕ ಗಟ್ಟಿ ಪುರಾವೆ ಇಲ್ಲ.

ಆಪರೇಷನ್ನೇ ಬೇಕಾದ್ರ

ಸಡಿಲ ಚೂರು ಸಿಕ್ಕೊಂಡಿದ್ರ ದುರ್ಬೀನು ಹಾಕಿ ತಗೀತಾರ. ಗಾಯ 2 ಚದರ ಸೆಂಟಿಮೀಟರಿಗಿಂತ ಕಡಿಮಿ ಇದ್ರ ಮೈಕ್ರೋಫ್ರ್ಯಾಕ್ಚರ್, ಅಂದ್ರ ಎಲುಬಿಗೆ ಸಣ್ಣ ಸಣ್ಣ ತೂತು ಹೊಡೆದ್ರ ಒಳಗಿನ ಮಜ್ಜೆ ರಕ್ತ ಮ್ಯಾಲೆ ಬಂದು ಹೆಪ್ಪುಗಟ್ಟಿ ಹೊಸ ಪದರ ಬೆಳೀತೈತಿ. ಖರ್ಚು ಕಡಿಮಿ, ಒಂದೇ ಸಲಕ್ಕ ಮುಗೀತೈತಿ, ಆದ್ರ ಆ ಪದರ ಮೊದಲಿನಷ್ಟು ಗಟ್ಟಿ ಅಲ್ಲ, ಕೆಲವು ವರ್ಷದಾಗ ಬಾಳ ಮಂದಿಗೆ ನೋವು ತಿರುಗಿ ಬರತೈತಿ.

ಮೊಸಾಯಿಕ್‌ಪ್ಲಾಸ್ಟಿ ಅಂದ್ರ ಉಳ್ಳಾಗಡ್ಡಿ ಸಸಿ ಕಿತ್ತು ನೆಟ್ಟಂಗ. ಮೊಣಕಾಲಿನಾಗ ಭಾರ ಕಡಿಮಿ ಬೀಳೋ ಅಂಚಿನಿಂದ ಎಲುಬು ಸಮೇತ ಕಾರ್ಟಿಲೇಜಿನ ಬಿರಡಿ ತಗದು ಗಾಯದಾಗ ಕೂಡಸ್ತಾರ. ಆಡೋ ಹುಡುಗರಿಗೆ ಇದೇ ವಾಸಿ ಅಂತ ನಂಗ ಅನಸ್ತೈತಿ. ಲಿಥುವೇನಿಯಾದಾಗ 60 ಯುವ ಆಟಗಾರರನ್ನ ಇಟ್ಕೊಂಡು ಮಾಡಿ 2005ರಾಗ ಪ್ರಕಟಿಸಿದ ಅಧ್ಯಯನದಾಗೂ ಮೈಕ್ರೋಫ್ರ್ಯಾಕ್ಚರಿಗಿಂತ ಇದರ ಫಲ ಚಲೋ ಇತ್ತು. ಆದ್ರ ಸಸಿ ಎಷ್ಟಂತ ಕೀಳ್ತೀರಿ, ಗಾಯ ದೊಡ್ಡದಿದ್ರ ಸಾಲಲ್ಲ.

ದೊಡ್ಡದಕ್ಕ ಎಸಿಐ. ಸ್ವೀಡನ್ ಡಾಕ್ಟ್ರು 1987ರಾಗ ಶುರು ಮಾಡಿ 1994ರಾಗ ಜಗತ್ತಿಗೆ ಹೇಳಿದ್ದು. ನಿಮ್ಮದೇ ಕಾರ್ಟಿಲೇಜಿನ ಚೂರು ತಗದು, ಕೆಲವು ವಾರ ಲ್ಯಾಬಿನಾಗ ಕೋಶ ಬೆಳಸಿ, ತಿರುಗಿ ತಂದು ಹಾಕ್ತಾರ. ಎರಡು ಆಪರೇಷನ್, ಖರ್ಚೂ ಜಾಸ್ತಿ. ಆಯುಷ್ಮಾನ್ ಕಾರ್ಡ್ ಇದ್ರ ಇದು ಅದರಾಗ ಬರತೈತೋ ಇಲ್ಲೋ ಅಂತ ಅಡ್ಮಿಟ್ ಆಗೋಕಿಂತ ಮೊದ್ಲ ಕೌಂಟರಿನಾಗ ಕೇಳ್ರಿ.

ಯಾವುದು ಮಾಡಿಸಿದ್ರೂ ಕಾಲು ಡೊಂಕಿದ್ರ, ಲಿಗಮೆಂಟ್ ಹರಿದಿದ್ರ ಅದನ್ನೂ ಸರಿ ಮಾಡ್ಸಲೇಬೇಕು. ರಿಮ್ ಡೊಂಕ ಇಟ್ಕೊಂಡು ಹೊಸ ಟೈರ್ ಹಾಕಿದ್ರ ಎಷ್ಟು ದಿನ ಬಾಳತೈತಿ?

ಗ್ರೌಂಡಿಗೆ ಯಾವಾಗ

ಸಾಮಾನ್ಯ 6–8 ವಾರ ಊರುಗೋಲು, ಡಾಕ್ಟ್ರು ಹೇಳಿದಷ್ಟೇ ಭಾರ. ಆಟಕ್ಕ ಮರಳೋದು ಮೈಕ್ರೋಫ್ರ್ಯಾಕ್ಚರ್, ಮೊಸಾಯಿಕ್‌ಪ್ಲಾಸ್ಟಿ ಆದ್ರ ಸುಮಾರು 6ರಿಂದ 9 ತಿಂಗಳು, ಎಸಿಐ ಆದ್ರ ವರ್ಷ, ಒಂದೂವರೆ ವರ್ಷ. ತಾರೀಖು ನೋಡಿ ಇಳಿಸಬ್ಯಾಡ್ರಿ, ಬಾವು ಪೂರಾ ಇಲ್ಲದಂಗ ಆಗಿರಬೇಕು, ತೊಡಿ ಬಲ ಇನ್ನೊಂದು ಕಾಲಿನ 90 ಪರ್ಸೆಂಟಾದ್ರೂ ಬಂದಿರಬೇಕು, ಒಂಟಿಕಾಲಿನಾಗ ಜಿಗಿದ್ರ ಅಳುಕಬಾರ್ದು.

ನಮ್ಮ ಹುಡುಗನ ಗಾಯ ಒಂದೂವರೆ ಚದರ ಸೆಂಟಿಮೀಟರ್ ಇತ್ತು, ಫಿಸಿಯೋದಿಂದ ಲಾಕ್ ಆಗೋದು ನಿಲ್ಲಲಿಲ್ಲ, ಮೊಸಾಯಿಕ್‌ಪ್ಲಾಸ್ಟಿ ಮಾಡಿಸಿದ್ವಿ. ಈಗ ಐದನೇ ತಿಂಗಳು. ದಿನಾ ಸಂಜಿಗೆ ಗ್ರೌಂಡಿಗೆ ಹೋಗ್ತಾನ, ಪಾಯಿಂಟ್ ಬರಿಯಾಕ.