ರಟ್ಟಿನ ಬಡಾವಣೆಯ ಮೇಲೆ ಜನರೇ ಮಾಡಿದ ಹಸಿರು ಯೋಜನೆ: ನನ್ನ ಅನುಭವ

"ಜನರನ್ನು ಕೇಳಿದರೆ ಪಾರ್ಕಿಂಗ್ ಕೇಳುತ್ತಾರೆ, ಮರ ಕೇಳುವುದಿಲ್ಲ." ನಾಲ್ಕೈದು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹೇಳಿದವರು ಬಡಾವಣೆಗಳಿಗೆ ಹಸಿರು ಯೋಜನೆ ಮಾಡುವ ಇದೇ ಕೆಲಸದಲ್ಲಿ ಪಳಗಿದವರು. ಯೋಜನೆಯನ್ನು ಮೊದಲು ನಾವೇ ಮಾಡಿಕೊಂಡು ಆಮೇಲೆ ಜನರಿಗೆ ತೋರಿಸು ಎಂದು ಬುದ್ಧಿ ಹೇಳಿದರು. ಈಗ ನಮ್ಮ ಬಡಾವಣೆಯಲ್ಲಿ ಜನರೇ ಮಾಡಿದ ಯೋಜನೆ ಮೂರನೇ ಬೇಸಿಗೆ ದಾಟಿದೆ. ನೆಟ್ಟ ಪ್ರತಿ ಹತ್ತು ಗಿಡಗಳಲ್ಲಿ ಎಂಟು ಉಳಿದಿವೆ. ಈಗ ಬರೆಯಬಹುದು ಅನ್ನಿಸಿತು.

ಈ ಕೆಲಸ ಮಾಡುವವರಿಗೆ ನಕ್ಷೆ ಹಾಕುವುದು, ಗುಂಪು ಚರ್ಚೆ ನಡೆಸುವುದು ಹೇಳಿಕೊಡಬೇಕಾಗಿಲ್ಲ. ಎಲ್ಲಿ ಎಡವಿದೆ, ಹಣ ಎಲ್ಲಿ ಹೋಯಿತು, ಯಾವುದು ಕೆಲಸ ಮಾಡಿತು ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಭಾಂಗಣ ಹಿಡಿದು, ಪರದೆ ಹಾಕಿ, ಹವಾಮಾನ ಬದಲಾವಣೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ. ಸುಮಾರು 600 ಮನೆಗಳಿಂದ ಬಂದವರು 23 ಜನ. ಅದರಲ್ಲಿ ಎಂಟು ಜನ ನಮ್ಮ ತಂಡದವರೇ. ಮೂರು ಜನ ಮಾತಾಡಿದರು, ಉಳಿದವರು ಗಡಿಯಾರ ನೋಡಿದರು. ಎರಡನೇ ಸಭೆಯಲ್ಲಿ ಅದೇ ಮೂರು ಜನ ಮಾತಾಡಿದರು.

ಆಮೇಲೆ ಫೋನಿಗೆ ಒಂದು ಫಾರ್ಮ್ ಕಳಿಸಿದೆ. ಎಪ್ಪತ್ತೋ ಎಂಬತ್ತೋ ಉತ್ತರ ಬಂದವು. "ನಿಮ್ಮ ಬೀದಿಯಲ್ಲಿ ಮರ ಬೇಕೇ?" ಎಂದರೆ ಬೇಡ ಅನ್ನುವವರು ಯಾರು? ಹೆಚ್ಚುಕಡಿಮೆ ಎಲ್ಲರೂ ಹೌದು ಅಂದಿದ್ದರು. ಅದನ್ನು ನಂಬಿಕೊಂಡು ಗುಂಡಿ ತೋಡಲು ಹೋದಾಗ, ಹೌದು ಅಂದಿದ್ದ ಮನೆಯವರೇ ಬಂದು ತಡೆದರು. "ಬೀದಿಯಲ್ಲಿ ಬೇಕು ಅಂದೆ, ನಮ್ಮ ಗೇಟಿನ ಮುಂದೆ ಅಂತ ಎಲ್ಲಿ ಹೇಳಿದೆ?" ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಜಾಗ ತೋರಿಸದೆ ಕೇಳಿದ ಪ್ರಶ್ನೆಗೆ ಬಂದ ಹೌದು ಯಾವ ಕೆಲಸಕ್ಕೂ ಬರುವುದಿಲ್ಲ.

ಆ ವರ್ಷ 120 ಗಿಡ ನೆಟ್ಟೆವು. ಎರಡನೇ ಬೇಸಿಗೆ ಮುಗಿಯುವಾಗ ಮೂವತ್ತರ ಆಸುಪಾಸು ಉಳಿದಿದ್ದವು. ಹಣದ ಲೆಕ್ಕ ಇನ್ನೂ ಬೇಸರ ತರಿಸುತ್ತದೆ. ಖರ್ಚಾದ ಪ್ರತಿ ನೂರರಲ್ಲಿ ಅರವತ್ತರಷ್ಟು ಸಭಾಂಗಣ, ಮುದ್ರಣ, ಹೊರಗಿನ ತಜ್ಞರ ವರದಿಗೆ ಹೋಯಿತು. ಗುಂಡಿ, ಗಿಡಕ್ಕೆ ಇಪ್ಪತ್ತೈದು. ನೀರು, ಬೇಲಿಗೆ ಉಳಿದದ್ದು ಹದಿನೈದು. ಗಿಡ ಸಾಯದೆ ಇನ್ನೇನಾಗುತ್ತದೆ? ವರದಿ ಎಂಬತ್ತು ಪುಟ ಇತ್ತು, ನೋಡಲು ಚೆನ್ನಾಗಿತ್ತು. ಅದನ್ನು ಪೂರ್ತಿ ಓದಿದವನು ನಾನೊಬ್ಬನೇ ಇರಬೇಕು.

ದಾರಿ ತೋರಿಸಿದ್ದು ಒಬ್ಬ ಅಜ್ಜಿ. ಮಧ್ಯಾಹ್ನ ಬಸ್ಸಿಗೆ ಕಾಯುವಾಗ ಅವರು ದೀಪದ ಕಂಬದ ನೆರಳಿನಲ್ಲಿ ನಿಲ್ಲುತ್ತಿದ್ದರು. ಗೇಣಗಲದ ನೆರಳು ಅದು. "ಅದು ಸರಿದ ಹಾಗೆ ನಾನೂ ಸರಿಯುತ್ತೇನೆ" ಅಂದರು. ನಲವತ್ತು ನಿಮಿಷದ ನನ್ನ ಭಾಷಣದಲ್ಲಿ ಈ ಕಂಬ ಎಲ್ಲೂ ಬಂದಿರಲಿಲ್ಲ. ಅವತ್ತೇ ಪ್ರಶ್ನೆ ಬದಲಾಯಿಸಿದೆ. "ಏನು ಬೇಕು?" ಅನ್ನುವುದನ್ನು ಬಿಟ್ಟೆ. "ಓಡಾಡುವಾಗ ಎಲ್ಲಿ ದಾರಿ ಬದಲಿಸುತ್ತೀರಿ?" ಎಂದು ಕೇಳತೊಡಗಿದೆ. ಬಿಸಿಲಿಗೆ ಬದಲಿಸುತ್ತಾರೆ, ನಿಂತ ನೀರಿಗೆ ಬದಲಿಸುತ್ತಾರೆ, ಕತ್ತಲೆಗೆ ಬದಲಿಸುತ್ತಾರೆ. ಇದಕ್ಕೆ ಉತ್ತರ ಇಲ್ಲದವರು ನನಗೆ ಇದುವರೆಗೆ ಸಿಕ್ಕಿಲ್ಲ. ಮಕ್ಕಳ ಉತ್ತರ ಎಲ್ಲಕ್ಕಿಂತ ಕರಾರುವಾಕ್ಕು.

ಆ ಉತ್ತರಗಳನ್ನು ಹಿಡಿದು ಜನರ ಜೊತೆ ನಡೆದೆ. ಮಧ್ಯಾಹ್ನ ಎರಡೂವರೆಗೆ ಆರೇಳು ಜನರ ಗುಂಪು, ಕೈಯಲ್ಲಿ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್. ಅದನ್ನು ಮಕ್ಕಳ ಕೈಗೇ ಕೊಡಿ. ಒಂದು ದಿನ ಡಾಂಬರು ಸುಮಾರು 58 ಡಿಗ್ರಿ ತೋರಿಸಿತು. ಹತ್ತು ಹೆಜ್ಜೆ ಆಚೆ, ಅದೇ ಬೀದಿಯ ಹಳೆಯ ಮರದ ಕೆಳಗೆ 36 ಅಥವಾ 37. ನಾನು ಒಂದು ಮಾತನ್ನೂ ವಿವರಿಸಲಿಲ್ಲ. ಈ ಸಾಧನ ತೋರಿಸುವುದು ಮೇಲ್ಮೈಯ ಬಿಸಿ, ಗಾಳಿಯದ್ದಲ್ಲ. ಅದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಯಾರಾದರೂ ಹವಾಮಾನ ವರದಿಯ ಅಂಕಿ ತೆಗೆದು ವಾದಕ್ಕೆ ನಿಲ್ಲುತ್ತಾರೆ. ಹೊಳೆಯುವ ತಗಡಿಗೆ ಹಿಡಿಯಬೇಡಿ, ತಪ್ಪು ತೋರಿಸುತ್ತದೆ. ಮೊದಲ ನಡಿಗೆಯಲ್ಲಿ ಸುಡುವ ತಗಡಿನ ಚಾವಣಿ ಡಾಂಬರಿಗಿಂತ ತಣ್ಣಗಿದೆ ಎಂದು ತೋರಿಸಿ ನಮ್ಮನ್ನು ಪೇಚಿಗೆ ಸಿಲುಕಿಸಿತ್ತು. ತಗಡಿಗೆ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆದಾಗ ಸರಿಹೋಯಿತು.

ಇನ್ನು ಮಾದರಿ. ಇಂಗ್ಲೆಂಡಿನ ಟೋನಿ ಗಿಬ್ಸನ್ 1970ರ ದಶಕದಲ್ಲೇ ಬಡಾವಣೆಯ ರಟ್ಟಿನ ಮಾದರಿ ಮಾಡಿ, ಎಲ್ಲಿ ಏನು ಬೇಕು ಎಂದು ಜನರಿಂದ ಅದರ ಮೇಲೆ ಚೀಟಿ ಇಡಿಸುವ ಪದ್ಧತಿ ಬೆಳೆಸಿದರು. ನನಗೆ ಅದು ಹಳೆಯ ಕಾಲದ್ದು ಅನ್ನಿಸಿತ್ತು. ಮಾಡಿ ನೋಡಿದ ಮೇಲೆ ಬೇರೆ ಯಾವುದೂ ಬೇಡವಾಯಿತು. ಹಳೆಯ ಡಬ್ಬಗಳ ರಟ್ಟು, 1:200 ಅಳತೆ (ನೆಲದ ಎರಡು ಮೀಟರಿಗೆ ಒಂದು ಸೆಂಟಿಮೀಟರ್), ತುಂಡು ತುಂಡಾಗಿ ಬಿಚ್ಚಿ ಹೊರುವ ಹಾಗೆ. ಎಂಟು ಜನ, ಮೂರು ವಾರದ ಸಂಜೆಗಳು. ಖರ್ಚು ಒಂದು ಸಭೆಯ ಬಾಡಿಗೆಗಿಂತ ಕಡಿಮೆ. ಪ್ರತಿ ಮನೆಯೂ ಇರಬೇಕು, ಗೇಟು ಯಾವ ಕಡೆ ಅನ್ನುವುದೂ ಸರಿ ಇರಬೇಕು. ಯಾಕೆಂದರೆ ಬಂದವರು ಮೊದಲು ಹುಡುಕುವುದು ತಮ್ಮ ಮನೆ. ಅದು ಸಿಕ್ಕಿದ ಮೇಲೆ ಅರ್ಧ ಗಂಟೆ ಕದಲುವುದಿಲ್ಲ.

ಮಾದರಿಯನ್ನು ಸಭಾಂಗಣದಲ್ಲಿ ಇಡಲೇ ಇಲ್ಲ. ಬೀದಿಯ ತಿರುವು, ಶಾಲೆಯ ಗೇಟು, ಬಸ್ ನಿಲ್ದಾಣ, ಹೀಗೆ ಏಳು ಕಡೆ ಸಂಜೆ ಮೂರು ಮೂರು ಗಂಟೆ ಇಟ್ಟೆವು. ನೆರಳಿಗೆ ಹಸಿರು ಚೀಟಿ, ನೀರಿಗೆ ನೀಲಿ, ಬೇರೆ ಏನೇ ಇದ್ದರೂ ಬಿಳಿ. ಚೀಟಿಯ ಮೇಲೆ ಹೆಸರು ಬರೆಯುವಂತಿಲ್ಲ. ಇನ್ನೊಬ್ಬರ ಚೀಟಿ ಒಪ್ಪದಿದ್ದರೆ ಕೀಳುವಂತಿಲ್ಲ, ಮಗುಚಿ ಹಾಕಬಹುದು ಅಷ್ಟೆ. ದೊಡ್ಡ ದನಿಯವರ ಚೀಟಿಯೂ ಬಾಯಿ ಬಿಡದವರ ಚೀಟಿಯೂ ಒಂದೇ ಅಳತೆ. ಕೊನೆಗೆ 340ರ ಹತ್ತಿರ ಚೀಟಿ ಬಿದ್ದವು. ಮೊದಲು ಯಾರನ್ನು ಕರೆದು ಚೀಟಿ ಇಡಿಸಿದೆ, ಯಾಕೆ ಅವರನ್ನೇ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇಡೀ ಕೆಲಸ ನಿಂತದ್ದು ಅದರ ಮೇಲೆ, ಅದನ್ನು ನಾನು ಸುಲಭಕ್ಕೆ ಕಲಿತಿಲ್ಲ.

ಪಾರ್ಕಿಂಗ್ ಚೀಟಿ ಬಂದವಾ? ಬಂದವು. ಕಾಲು ಭಾಗ ಅವೇ. "ನಾವು ಹೇಳಿದ್ದೆವಲ್ಲಾ" ಎಂದು ಮೊದಲು ಬುದ್ಧಿ ಹೇಳಿದ್ದ ಗೆಳೆಯರು ಫೋನ್ ಮಾಡಿದರು. ಆದರೆ ಪಾರ್ಕಿಂಗ್ ಚೀಟಿಗಳು ಎಲ್ಲಿ ಬಿದ್ದಿವೆ ಎಂದು ನೋಡಿದರೆ ಬಹುಪಾಲು ಹಸಿರು ಚೀಟಿಗಳ ಪಕ್ಕದಲ್ಲೇ ಇದ್ದವು. ಕಾರು ಇಟ್ಟವರಿಗೂ ನೆರಳು ಬೇಕು ಅಲ್ವಾ? ಮಾದರಿಯ ಸುತ್ತ ನಿಂತವರೇ ದಾರಿ ಹುಡುಕಿದರು. ಮೂರು ಕಾರಿಗೆ ಒಂದು ಗಿಡದ ಗುಂಡಿ, ಅದೂ ಫುಟ್‌ಪಾತಿನ ಮೇಲಲ್ಲ, ಕಾರುಗಳ ಸಾಲಿನಲ್ಲೇ. ಬಾಗಿಲು ತೆರೆಯಲು ಜಾಗ ಸಾಕೇ ಎಂದು ರಟ್ಟಿನ ಕಾರು ಸರಿಸಿ ಸರಿಸಿ ನೋಡಿದರು. ನಡೆಯುವವರಿಗೆ ಜಾಗ ಉಳಿಯಿತು, ಯಾರ ಗೇಟಿನ ಮುಂದೆಯೂ ಗುಂಡಿ ಬರಲಿಲ್ಲ. ಆ ಎಂಬತ್ತು ಪುಟದಲ್ಲಿ ಈ ಉಪಾಯ ಇರಲಿಲ್ಲ. ಮುಂದೆ ನೆಟ್ಟ ತೊಂಬತ್ತು ಚಿಲ್ಲರೆ ಗಿಡಗಳಲ್ಲಿ ಅರ್ಧದಷ್ಟು ಹೀಗೆ ಸಿಕ್ಕ ಜಾಗದಲ್ಲಿವೆ.

ನೀಲಿ ಚೀಟಿಗಳದ್ದು ಬೇರೆ ಜಗಳ. ಕೆಳಗಿನ ಬೀದಿಯಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ. ಬದಿಯಲ್ಲಿ ತಗ್ಗು ಮಾಡಿ ಗಿಡ ಹಾಕಿ ನೀರು ಇಂಗಿಸೋಣ ಎಂದರೆ "ಸೊಳ್ಳೆ ಸಾಕುತ್ತೀರಾ?" ಎಂದು ರೇಗಿದರು. ಮಾತಿನಲ್ಲಿ ಗೆಲ್ಲಲು ಹೋಗಲಿಲ್ಲ. ರೇಗಿದವರನ್ನೇ ಕರೆದು ಮೂರು ಕಡೆ ಒಂದಡಿ ಆಳದ ಗುಂಡಿ ತೋಡಿಸಿ, ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಕೋಲು ನೆಟ್ಟು ಅಳೆಸಿದೆ. ಒಣಮಣ್ಣು ಮೊದಲ ಸಲ ಗಟಗಟ ಕುಡಿದು ಮೋಸ ಮಾಡುತ್ತದೆ, ಆದ್ದರಿಂದ ಎರಡನೇ ಸಲದ ಲೆಕ್ಕವನ್ನೇ ಹಿಡಿಯಿರಿ. ಒಂದು ಕಡೆ ಗಂಟೆಗೆ ಎರಡೂವರೆ ಸೆಂಟಿಮೀಟರ್, ಇನ್ನೊಂದು ಕಡೆ ಒಂದು. ಮೂರನೇ ಕಡೆ ಕೋಲು ಕದಲಲೇ ಇಲ್ಲ, ಅಲ್ಲಿ ಕೈಬಿಟ್ಟೆವು. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಹೆಚ್ಚುಕಡಿಮೆ ಒಂದು ವಾರ ಬೇಕು. ನಮ್ಮ ತಗ್ಗಿನಲ್ಲಿ ನಿಲ್ಲುವುದು ಒಂದು ಗೇಣು ನೀರು, ಒಂದು ದಿನದೊಳಗೆ ಇಂಗಿ ಹೋಗುತ್ತದೆ. ಲೆಕ್ಕ ಹಾಕಿ ಹೇಳಿದ್ದು ರೇಗಿದ್ದವರೇ.

ಚಾವಣಿ ನೀರಿನ ಲೆಕ್ಕವನ್ನೂ ಅವರಿಂದಲೇ ಹಾಕಿಸಿದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 100 ಚದರ ಮೀಟರಿನ ಚಾವಣಿಗೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್. "ನಮ್ಮ ಮನೆಯ ನೀರೇ ಕೆಳಗಿನವರ ಬಾಗಿಲಿಗೆ ಹೋಗ್ತಿದೆಯಾ!" ಎಂದು ಮೇಲಿನ ಬೀದಿಯವರು ಮೊದಲ ಸಲ ಅಂದದ್ದು ಅವತ್ತು.

ಈ ಸಲ ಹಣ ಹೀಗೆ ಹಂಚಿದೆ. ನೂರರಲ್ಲಿ ಮಾದರಿಗೂ ನಡಿಗೆಗೂ ಹನ್ನೆರಡು. ದಿನದ ದುಡಿಮೆ ಬಿಟ್ಟು ಬಂದವರಿಗೆ ಕೊಟ್ಟ ಹಣ ಇದರಲ್ಲೇ ಸೇರಿದೆ. ಅದನ್ನು ಕೊಡದಿದ್ದರೆ ಪುರುಸೊತ್ತು ಇದ್ದವರ ಯೋಜನೆ ಮಾತ್ರ ಆಗುತ್ತದೆ. ಗುಂಡಿ, ಗಿಡ, ಮಣ್ಣಿಗೆ ನಲವತ್ತು. ಉಳಿದ ನಲವತ್ತೆಂಟು ನಿವಾಸಿಗಳ ಕೈಗೆ, ಅವರು ಮತ ಹಾಕಿ ತೀರ್ಮಾನಿಸಬೇಕು, ನನಗೂ ಒಂದೇ ಮತ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಶುರುವಾದ ಜನರ ಬಜೆಟ್ಟಿನ ಚಿಕ್ಕ ರೂಪ ಅನ್ನಿ. "ಅಷ್ಟು ದುಡ್ಡು ಅವರ ಕೈಗೆ ಕೊಡ್ತೀಯಾ?" ಎಂದು ಕೇಳಿದವರೇ ಜಾಸ್ತಿ.

ನನ್ನ ಆಸೆ ಮೂಲೆಯ ಖಾಲಿ ಜಾಗದಲ್ಲಿ ಒತ್ತಾಗಿ ನೆಟ್ಟ ಪುಟ್ಟ ಕಾಡು. ಅದು ಮತದಲ್ಲಿ ಸೋತಿತು, ಅಂತರವೂ ಸಣ್ಣದಲ್ಲ. ಅವರು ಮೂವತ್ತರಷ್ಟನ್ನು ಮೂರು ಬೇಸಿಗೆ ನೀರು ಹಾಕುವ ಒಬ್ಬರ ಸಂಬಳಕ್ಕೆ ಇಟ್ಟರು. ಉಳಿದದ್ದರಲ್ಲಿ ರಸ್ತೆಯಂಚಿನ ಕಲ್ಲು ಕತ್ತರಿಸಿ ನೀರು ತಗ್ಗಿಗೆ ಇಳಿಯುವ ಹಾಗೆ ಮಾಡಿಸಿದರು. ಎರಡು ದಿನ ನನಗೆ ಬೇಜಾರಾಯಿತು. ಗಿಡಗಳು ಉಳಿದದ್ದು ಆ ಸಂಬಳದಿಂದ. ಹಿಂದಿನ 120 ಗಿಡಗಳ ಗತಿಯನ್ನು ಅವರು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದರು.

ನಡುವೆ ಬೇರೆ ಕೆಲವು ಪ್ರಯೋಗಗಳನ್ನೂ ಮಾಡಿದೆವು. ಮನೆಯಿಂದ ಮೂರು ಮರ ಕಾಣಬೇಕು, ಬಡಾವಣೆಯ 30 ಪರ್ಸೆಂಟ್ ಜಾಗದ ಮೇಲೆ ಮರದ ಹೊದಿಕೆ ಇರಬೇಕು, 300 ಮೀಟರ್ ಒಳಗೆ ಉದ್ಯಾನ ಇರಬೇಕು ಅನ್ನುವ ಸೂತ್ರವನ್ನು ನಗರದ ಮರಗಳ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟರು, ನಿಮಗೆ ಗೊತ್ತಿರುತ್ತದೆ. ನಮ್ಮಲ್ಲಿ ಹೊದಿಕೆ ಎಷ್ಟಿದೆ ಎಂದು ನೋಡಲು ಶಾಲೆಯ ಮಕ್ಕಳು ಉಪಗ್ರಹ ಚಿತ್ರದ ಮೇಲೆ ಎಲ್ಲೆಂದರಲ್ಲಿ 200 ಚುಕ್ಕಿ ಇಟ್ಟು ಎಷ್ಟು ಚುಕ್ಕಿ ಮರದ ಮೇಲೆ ಬಿದ್ದವು ಎಂದು ಎಣಿಸಿದರು. ನಮ್ಮದು 14 ಪರ್ಸೆಂಟ್ ಬಂತು, ಎರಡು ಮೂರು ಆಚೀಚೆ ಇರಬಹುದು. ದುಡ್ಡು ಕೊಟ್ಟು ಮಾಡಿಸಿದ ಹಳೆಯ ಅಳತೆಯೂ ಅದರ ಹತ್ತಿರವೇ ಇತ್ತು.

ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಾಕಿ ಪತಂಗ ನೋಡಿದ್ದು ಇನ್ನೊಂದು. ಸುಮ್ನೆ ಮಾಡಿದ್ದು, ಯೋಜನೆಯ ಪಟ್ಟಿಯಲ್ಲೇ ಇರಲಿಲ್ಲ. ಸಭೆಗೆ ಒಮ್ಮೆಯೂ ಬಾರದ ಹದಿಹರೆಯದವರು ಹತ್ತೂವರೆ ತನಕ ನಿಂತು ಫೋಟೊ ತೆಗೆದು, ಜೀವಿಗಳನ್ನು ಗುರುತಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿದರು. ಪತಂಗಗಳಿಗಾಗಿ ದೀಪದ ಕಂಬಗಳ ಬೆಳಕು ಕಡಿಮೆ ಮಾಡಿಸುವ ಮಾತು ಎದ್ದದ್ದೂ ಅವರಿಂದಲೇ. ಹುಲ್ಲು ಕತ್ತರಿಸದೆ ಬಿಡುವ ಪ್ರಯೋಗ ಮಾತ್ರ ಮೊದಲು ಕೆಟ್ಟಿತು. ಹಾಳು ಬಿದ್ದಿದೆ ಎಂದು ಯಾರೋ ಒಂದೇ ಬೆಳಿಗ್ಗೆ ಪೂರ್ತಿ ಸವರಿಬಿಟ್ಟರು. ಎರಡನೇ ಸಲ ಸುತ್ತ ಒಂದು ಮಾರಿನಷ್ಟು ಅಂಚನ್ನು ನೀಟಾಗಿ ಕತ್ತರಿಸಿ ಒಳಗಿನದನ್ನು ಬಿಟ್ಟೆವು. ಆಮೇಲೆ ಯಾರೂ ಮುಟ್ಟಲಿಲ್ಲ, ಈಗ ಅಲ್ಲಿ ಚಿಟ್ಟೆ ನೋಡಲು ಬರುತ್ತಾರೆ.

ಬಾಡಿಗೆ ಮನೆಯವರನ್ನು ಸೇರಿಸುವುದರಲ್ಲಿ ಇನ್ನೂ ಪೂರ್ತಿ ಗೆದ್ದಿಲ್ಲ. ಚೀಟಿ ಇಟ್ಟವರು ಗಿಡ ಬರುವಷ್ಟರಲ್ಲಿ ಮನೆ ಬದಲಿಸಿರುತ್ತಾರೆ, ಬಂದವರಿಗೆ ಅದು ಯಾರದ್ದೋ ಗಿಡ. ಹೊಸಬರು ಬಂದ ವಾರವೇ ಅವರನ್ನು ಮಾದರಿಯ ಹತ್ತಿರ ಕರೆದುಕೊಂಡು ಹೋಗುವ ಕೆಲಸವನ್ನು ಈಗ ಆ ಅಜ್ಜಿಯೇ ವಹಿಸಿಕೊಂಡಿದ್ದಾರೆ. ಅವರ ಬಸ್ ನಿಲ್ದಾಣದ ಗಿಡ ನನ್ನ ತಲೆಗಿಂತ ಎತ್ತರವಾಗಿದೆ. ಎರಡೂವರೆಯ ಬಿಸಿಲಿನಲ್ಲಿ ಇಬ್ಬರು ನಿಲ್ಲುವಷ್ಟು ನೆರಳು ಬೀಳುತ್ತದೆ. ಪಶ್ಚಿಮದ ಬೀದಿಗೆ ಮಾದರಿ ಇನ್ನೂ ಹೋಗಿಲ್ಲ, ಅಲ್ಲಿ ಹೊಸದಾಗಿ ಆರು ಮನೆ ಎದ್ದಿವೆ. ಈ ವಾರ ಅವುಗಳ ರಟ್ಟು ಕತ್ತರಿಸುತ್ತಿದ್ದೇವೆ.